ಶಾಲೆಯ ಫಲಕಕ್ಕೆ ಎಂತಹ ಕನ್ನಡ ಅಕ್ಷರ? ‘ಬಾಲೂ ತಮ್ಮ’ ಎಂಬ ದಪ್ಪ ದುಂಡಕ್ಷರದ ಪರಿಚಯ

ಜೂನ್ ತಿಂಗಳ ಆರಂಭದಲ್ಲಿ ಶಾಲೆಗಳಲ್ಲಿ ಪ್ರವೇಶೋತ್ಸವದ ಸಂಭ್ರಮ. ಗೇಟಿನ ಬಳಿ ಮಾವಿನೆಲೆಯ ತೋರಣ, ಅದರ ಮೇಲೆ ಬಣ್ಣದ ಬ್ಯಾನರು. ಕಾಸರಗೋಡಿನ ಬಹಳಷ್ಟು ಶಾಲೆಗಳಲ್ಲಿ ಕನ್ನಡ ಮತ್ತು ಮಲಯಾಳ ವಿಭಾಗಗಳು ಒಂದೇ ಅಂಗಳದಲ್ಲಿರುವುದರಿಂದ ಬ್ಯಾನರಿನಲ್ಲಿಯೂ ಎರಡು ಭಾಷೆಗಳಿರುತ್ತವೆ. ಆದರೆ ಇಂತಹ ಬ್ಯಾನರುಗಳ ಮುಂದೆ ನಿಂತು ನೋಡಿದವರಿಗೆ ಒಂದು ವ್ಯತ್ಯಾಸ ಅನೇಕ ಬಾರಿ ಕಣ್ಣಿಗೆ ಬಿದ್ದಿರಬಹುದು. ಮಲಯಾಳದ ಸಾಲು ದಪ್ಪವಾಗಿ, ತುಂಬಿಕೊಂಡು, ದೂರದಿಂದಲೇ ಓದಲು ಬರುವಂತಿರುತ್ತದೆ. ಅದರ ಕೆಳಗಿನ ಕನ್ನಡದ ಸಾಲು ಸಪೂರವಾಗಿ, ಕೆಲವೊಮ್ಮೆ ಒತ್ತಕ್ಷರ ಕಳಚಿಕೊಂಡು, ಯಾರೋ ಕೊನೆಯ ಗಳಿಗೆಯಲ್ಲಿ ಸೇರಿಸಿದಂತೆ ಕಾಣುತ್ತದೆ.

ಕನ್ನಡವನ್ನು ಬಿಟ್ಟಿಲ್ಲ, ನಿಯಮದಂತೆ ಹಾಕಿದ್ದಾರೆ. ಆದರೂ ಏನೋ ಕಡಮೆಯಾಗಿದೆ ಎಂಬ ಭಾವ ಉಳಿಯುತ್ತದೆ. ಆ ‘ಏನೋ’ ಹೆಚ್ಚಿನ ಸಂದರ್ಭಗಳಲ್ಲಿ ಅಕ್ಷರಶೈಲಿ, ಎಂದರೆ ಫಾಂಟು. ಮೊದಲ ದಿನ ಅಮ್ಮನ ಕೈ ಹಿಡಿದು ಶಾಲೆಗೆ ಬರುವ ಮಗುವಿಗೆ ಅಕ್ಷರಶೈಲಿಯ ಹೆಸರು ತಿಳಿಯದು. ಆದರೆ ಯಾವ ಭಾಷೆ ದೊಡ್ಡದಾಗಿ ಬರೆಯಲ್ಪಟ್ಟಿದೆ, ಯಾವುದು ಸಣ್ಣದಾಗಿದೆ ಎಂಬುದು ಅಕ್ಷರ ಕಲಿಯುವ ಮೊದಲೇ ಅದಕ್ಕೆ ತಿಳಿಯುತ್ತದೆ. ಆದ್ದರಿಂದ ದಪ್ಪ ದುಂಡಕ್ಷರಗಳ ಸ್ವಭಾವವೇನು, ಅವು ಎಲ್ಲಿ ಒಪ್ಪುತ್ತವೆ, ಎಲ್ಲಿ ಒಪ್ಪುವುದಿಲ್ಲ ಎಂಬುದನ್ನು ಕನ್ನಡ ಮಾಧ್ಯಮದ ಹೆತ್ತವರೂ ರಕ್ಷಕ ಶಿಕ್ಷಕ ಸಂಘದ ಸದಸ್ಯರೂ ತಿಳಿದಿರುವುದು ಒಳಿತು. ಉದಾಹರಣೆಗಾಗಿ ಇಲ್ಲಿ ಎತ್ತಿಕೊಂಡಿರುವುದು ಯಾರಿಗೂ ಉಚಿತವಾಗಿ ದೊರೆಯುವ ‘ಬಾಲೂ ತಮ್ಮ’ ಎಂಬ ಅಕ್ಷರಶೈಲಿಯನ್ನು.

ಒಂದೇ ಕುಂಚದ ಕಾಲ

ಕಂಪ್ಯೂಟರು ಬರುವ ಮುಂಚೆ ಫಲಕ ಬರೆಯುವುದು ಕುಂಚದ ಕೆಲಸವಾಗಿತ್ತು. ಗಡಿನಾಡಿನಲ್ಲಿ ಈ ಕೆಲಸಕ್ಕೆ ಇಳಿದವರಿಗೆ ಎರಡೂ ಲಿಪಿಗಳಲ್ಲಿ ಕೈ ಪಳಗಿರಬೇಕಿತ್ತು. ಒಬ್ಬನೇ ಕಲಾವಿದ ಒಂದೇ ಕುಂಚವನ್ನು ಅದೇ ಬಣ್ಣದ ಡಬ್ಬಿಯಲ್ಲಿ ಅದ್ದಿ ಮೊದಲು ಒಂದು ಭಾಷೆಯನ್ನು, ಬಳಿಕ ಇನ್ನೊಂದನ್ನು ಬರೆಯುವಾಗ ಗೆರೆಯ ದಪ್ಪ ತಾನಾಗಿಯೇ ಸಮನಾಗುತ್ತಿತ್ತು. ಕುಂಚದ ಅಗಲವೇ ಅಳತೆಗೋಲು. ಎರಡು ಭಾಷೆಗಳಿಗೂ ಸಮಾನ ತೂಕ ಕೊಡಬೇಕೆಂದು ಯಾರೂ ಹೇಳಬೇಕಾಗಿರಲಿಲ್ಲ.

ಕಂಪ್ಯೂಟರಿನಲ್ಲಿ ಈ ಸಹಜ ಸಮತೋಲನ ತಪ್ಪಿತು. ಅಲ್ಲಿ ಪ್ರತಿಯೊಂದು ಲಿಪಿಗೂ ಬೇರೆ ಬೇರೆ ಫಾಂಟು ಬೇಕು. ಮಲಯಾಳದ ಕೆಲಸವನ್ನೇ ಹೆಚ್ಚಾಗಿ ಮಾಡುವ ವಿನ್ಯಾಸಕಾರನ ಬಳಿ ಆ ಭಾಷೆಯ ಹತ್ತಾರು ಅಲಂಕಾರಿಕ ಫಾಂಟುಗಳಿರುತ್ತವೆ. ಕನ್ನಡಕ್ಕೆ ಬಂದಾಗ ಯಂತ್ರದಲ್ಲಿ ಮೊದಲೇ ಇದ್ದ ‘ತುಂಗ’ದಂತಹ ಒಂದು ಫಾಂಟು ಮಾತ್ರ ಇರುತ್ತದೆ. ವಿಂಡೋಸ್ ಜೊತೆಗೆ ಬಂದ ‘ತುಂಗ’ ಪರದೆಯ ಮೇಲೆ ಓದಲು ತಯಾರಾದದ್ದು. ಹತ್ತು ಅಡಿ ಉದ್ದದ ಬ್ಯಾನರಿಗೆ ಹಿಗ್ಗಿಸಿದರೆ ಅದರ ಗೆರೆಗಳು ಸೊರಗಿದಂತೆ ಕಾಣುತ್ತವೆ. ವಿನ್ಯಾಸಕಾರನಿಗೆ ಕನ್ನಡದ ಮೇಲೆ ದ್ವೇಷವಿರಬೇಕೆಂದಿಲ್ಲ. ಅವನ ಪೆಟ್ಟಿಗೆಯಲ್ಲಿ ದಪ್ಪ ಕುಂಚವಿಲ್ಲ, ಅಷ್ಟೇ. ಆ ಕುಂಚವನ್ನು ನಾವೇ ಒದಗಿಸಿದರೆ ಸಮಸ್ಯೆಯ ಅರ್ಧಭಾಗ ಪರಿಹಾರವಾಗುತ್ತದೆ.

‘ಬಾಲೂ’ ಬಳಗದ ಸಹೋದರರು

ಮುಂಬಯಿಯ ‘ಏಕ್ ಟೈಪ್’ ಎಂಬ ಅಕ್ಷರ ವಿನ್ಯಾಸಕರ ಬಳಗ ಭಾರತದ ಹಲವು ಲಿಪಿಗಳಿಗಾಗಿ ‘ಬಾಲೂ’ ಎಂಬ ಅಕ್ಷರಕುಟುಂಬವನ್ನು ರೂಪಿಸಿ 2016ರ ಸುಮಾರಿಗೆ ಬಿಡುಗಡೆ ಮಾಡಿತು. ಬಾಲೂ ಎಂದರೆ ಕರಡಿ. ದಪ್ಪನೆಯ ಮೈ, ಮೆದುವಾದ ತುಪ್ಪಳ, ಸಾಧು ಸ್ವಭಾವ: ಮಕ್ಕಳ ಕಥೆಗಳ ಕರಡಿಯನ್ನು ನೆನೆದರೆ ಈ ಅಕ್ಷರಗಳ ಆಕಾರವೂ ಕಣ್ಣಿಗೆ ಕಟ್ಟುತ್ತದೆ.

ಈ ಕುಟುಂಬದಲ್ಲಿ ಹೆಚ್ಚಿನ ಲಿಪಿಗಳ ಫಾಂಟಿಗೆ ಆ ಭಾಷೆಯವರು ಅಣ್ಣತಮ್ಮಂದಿರನ್ನೋ ಆಪ್ತರನ್ನೋ ಕರೆಯುವ ಪದವನ್ನು ಹೆಸರಾಗಿ ಇಟ್ಟಿದ್ದಾರೆ. ಗುಜರಾತಿಗೆ ‘ಬಾಲೂ ಭಾಯ್’, ಬಂಗಾಳಿಗೆ ‘ಬಾಲೂ ದಾ’, ಪಂಜಾಬಿಯ ಗುರುಮುಖಿಗೆ ‘ಬಾಲೂ ಪಾಜಿ’, ತೆಲುಗಿಗೆ ‘ಬಾಲೂ ತಮ್ಮುಡು’, ತಮಿಳಿಗೆ ‘ಬಾಲೂ ತಂಬಿ’. ಮಲಯಾಳಕ್ಕೆ ‘ಬಾಲೂ ಚೇಟ್ಟನ್’, ಎಂದರೆ ಅಣ್ಣ. ಕನ್ನಡಕ್ಕೆ ‘ಬಾಲೂ ತಮ್ಮ’. ಮಲಯಾಳ ಅಣ್ಣನಾಗಿ ಕನ್ನಡ ತಮ್ಮನಾದುದನ್ನು ಕಂಡು ಕಾಸರಗೋಡಿನವರು ಮುಗುಳುನಕ್ಕರೆ ತಪ್ಪಿಲ್ಲ. ಹೆಸರಿನಲ್ಲಿ ಹಿರಿಕಿರಿತನ ಇದ್ದರೂ ಮೈಕಟ್ಟಿನಲ್ಲಿ ಇಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಅಂಶ. ಈ ಫಾಂಟುಗಳನ್ನೆಲ್ಲ ಒಂದೇ ಮನೆಯ ಮಕ್ಕಳಂತೆ, ಒಂದರ ಪಕ್ಕ ಇನ್ನೊಂದು ನಿಂತಾಗ ಹೊಂದಿಕೊಳ್ಳುವಂತೆ ರಚಿಸಲಾಗಿದೆ. ಇಂಗ್ಲಿಷಿನ ಅಕ್ಷರಗಳೂ ಪ್ರತಿಯೊಂದರಲ್ಲಿಯೂ ಜೊತೆಗಿವೆ.

ಮೊದಲ ಆವೃತ್ತಿಯಲ್ಲಿ ಒಂದೇ ಒಂದು ದಪ್ಪವಿತ್ತು. ಆ ಮೇಲೆ ಬಂದ ‘ಬಾಲೂ ತಮ್ಮ 2’ರಲ್ಲಿ ಸಾಮಾನ್ಯದಿಂದ ಅತಿದಪ್ಪದವರೆಗೆ ಐದು ಹಂತಗಳಿವೆ: ರೆಗ್ಯುಲರ್, ಮೀಡಿಯಂ, ಸೆಮಿಬೋಲ್ಡ್, ಬೋಲ್ಡ್, ಎಕ್ಸ್‌ಟ್ರಾಬೋಲ್ಡ್. ಮಲಯಾಳದ ‘ಚೇಟ್ಟನ್ 2’ರಲ್ಲಿಯೂ ಅವೇ ಐದು ಹಂತಗಳು. ಎರಡನ್ನೂ ಗೂಗಲ್ ಫಾಂಟ್ಸ್ ತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ‘ಓಪನ್ ಫಾಂಟ್ ಲೈಸೆನ್ಸ್’ ಎಂಬ ಮುಕ್ತ ಪರವಾನಗಿಯಲ್ಲಿ ಬಿಡುಗಡೆಯಾಗಿರುವುದರಿಂದ ಶಾಲೆಯ ಫಲಕ, ಸ್ಮರಣ ಸಂಚಿಕೆ, ಮಾರಾಟದ ಪುಸ್ತಕ, ಅಂಗಡಿಯ ಜಾಹೀರಾತು ಯಾವುದಕ್ಕೂ ಹಣ ಕೊಡದೆ ಬಳಸಬಹುದು. ಫಾಂಟನ್ನಷ್ಟೇ ಪ್ರತ್ಯೇಕವಾಗಿ ಮಾರುವಂತಿಲ್ಲ.

ಆಕಾರದಲ್ಲಿ ಏನಿದೆ?

ಕನ್ನಡ ಲಿಪಿ ಸ್ವಭಾವದಿಂದಲೇ ದುಂಡು. ತಾಳೆಗರಿಯ ಮೇಲೆ ಕಂಟದಿಂದ ಕೊರೆಯುವಾಗ ನೇರ ಗೆರೆ ಎಳೆದರೆ ಗರಿ ಸೀಳುವ ಭಯವಿದ್ದುದರಿಂದ ದಕ್ಷಿಣದ ಲಿಪಿಗಳು ದುಂಡಾದವು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಕನ್ನಡ ಮತ್ತು ತೆಲುಗು ಲಿಪಿಗಳು ಕದಂಬ ಲಿಪಿಯ ಕವಲಿನಿಂದ ಬಂದವು. ಮಲಯಾಳವೂ ನಮ್ಮ ತುಳು ಲಿಪಿಯೂ ಗ್ರಂಥ ಲಿಪಿಯ ಕವಲಿನಿಂದ ಬಂದವು. ಮೂಲ ಬೇರೆಯಾದರೂ ದುಂಡುತನ ಸಮಾನ. ಹೀಗಿರುವಾಗ ‘ದುಂಡಗಿನ ಕನ್ನಡ ಫಾಂಟು’ ಎಂದರೆ ಏನು ವಿಶೇಷ ಎಂದು ಕೇಳಬಹುದು.

ಅಕ್ಷರದ ಓಟ ದುಂಡಾಗಿರುವುದು ಒಂದು. ಅದನ್ನು ಬರೆದ ಗೆರೆಯ ತುದಿ ದುಂಡಾಗಿರುವುದು ಇನ್ನೊಂದು. ಪುಸ್ತಕಗಳಲ್ಲಿ ಬಳಸುವ ಸಾಂಪ್ರದಾಯಿಕ ಕನ್ನಡ ಅಚ್ಚಿನಲ್ಲಿ ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ತಲೆಕಟ್ಟಿನ ತುದಿ ಚೂಪು. ಲೇಖನಿಯ ಮೊನೆ ತಿರುಗಿದ ಗುರುತು ಅಲ್ಲಿ ಉಳಿದಿರುತ್ತದೆ. ‘ಬಾಲೂ ತಮ್ಮ’ದಲ್ಲಿ ಈ ವ್ಯತ್ಯಾಸ ಬಹಳ ಕಡಮೆ. ಗೆರೆ ಆರಂಭದಿಂದ ಕೊನೆಯವರೆಗೆ ಹೆಚ್ಚು ಕಡಮೆ ಒಂದೇ ದಪ್ಪದಲ್ಲಿ ಸಾಗುತ್ತದೆ. ತುದಿಗಳಲ್ಲಿ ಚೂಪಾದ ಕೋನವಿಲ್ಲ. ಹೊಳೆಯ ಕಲ್ಲಿನಂತೆ ಮೂಲೆಗಳು ಮೆದುವಾಗಿ ಸವೆದಿವೆ. ದಪ್ಪ ಅಕ್ಷರ ಗಟ್ಟಿಯಾಗಿ ಕೂಗಿದಂತೆ ಕಾಣುವ ಸಾಧ್ಯತೆ ಇದೆ. ಆದರೆ ಮೂಲೆಗಳು ಮೆದುವಾದಾಗ ಅದೇ ದಪ್ಪ ಗದರಿಕೆಯಾಗದೆ ಆತ್ಮೀಯ ಕರೆಯಾಗುತ್ತದೆ. ಮಕ್ಕಳಿಗೆ ಸಂಬಂಧಿಸಿದ ಬರಹಗಳಿಗೆ ಇಂತಹ ಅಕ್ಷರಗಳನ್ನು ಜಗತ್ತಿನೆಲ್ಲೆಡೆ ಆರಿಸಿಕೊಳ್ಳಲು ಇದೇ ಕಾರಣ.

ಇದು ಹೊಸ ಕಲ್ಪನೆಯೇನೂ ಅಲ್ಲ. ಅಮೆರಿಕದ ಆಸ್ವಾಲ್ಡ್ ಕೂಪರ್ ರಚಿಸಿದ ‘ಕೂಪರ್ ಬ್ಲ್ಯಾಕ್’ ಎಂಬ ದಪ್ಪ ಮೆದು ಅಕ್ಷರಶೈಲಿ 1922ರಷ್ಟು ಹಳೆಯದು. ಇಂದಿಗೂ ಅಂಗಡಿ ಫಲಕಗಳಲ್ಲಿ ಜೀವಂತವಾಗಿದೆ. ಇಂಗ್ಲಿಷಿಗೆ ನೂರು ವರ್ಷಗಳಿಂದ ದೊರೆತ ಈ ಸೌಲಭ್ಯ ಕನ್ನಡಕ್ಕೆ ಹಲವು ತೂಕಗಳಲ್ಲಿ, ಉಚಿತವಾಗಿ, ಮೊಬೈಲಿನಲ್ಲಿಯೂ ಸರಿಯಾಗಿ ಮೂಡುವ ಯೂನಿಕೋಡ್ ರೂಪದಲ್ಲಿ ಬಂದದ್ದು ತೀರಾ ಈಚೆಗೆ.

ನಮ್ಮೂರ ಹೆಸರುಗಳಲ್ಲಿ ಒಂದು ಪರೀಕ್ಷೆ

ಇಂಗ್ಲಿಷಿನ ಅಕ್ಷರವನ್ನು ದಪ್ಪಗೊಳಿಸುವುದಕ್ಕಿಂತ ಕನ್ನಡದ ಅಕ್ಷರವನ್ನು ದಪ್ಪಗೊಳಿಸುವುದು ಕಷ್ಟ. ಗೆರೆ ದಪ್ಪವಾದಷ್ಟೂ ಅಕ್ಷರದೊಳಗಿನ ಬಯಲು ಕಿರಿದಾಗುತ್ತದೆ. ಕನ್ನಡದಲ್ಲಿ ಆ ಬಯಲಿನೊಳಗೆಯೇ ಅರ್ಥ ಅಡಗಿರುತ್ತದೆ. ಯಾವುದೇ ದಪ್ಪ ಫಾಂಟನ್ನು ಆರಿಸುವ ಮೊದಲು ಅದರಲ್ಲಿ ನಮ್ಮ ಜಿಲ್ಲೆಯ ಊರುಗಳ ಹೆಸರನ್ನೇ ಬರೆದು ನೋಡುವುದು ಉತ್ತಮ ಪರೀಕ್ಷೆ.

ಮೊದಲು ‘ಮಧೂರು’. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಬುಡದ ಒಂದು ಸಣ್ಣ ಗೀಟು ಮಾತ್ರ. ದಪ್ಪ ಅಕ್ಷರದಲ್ಲಿ ಆ ಗೀಟು ಮೈಯೊಳಗೆ ಕರಗಿಹೋದರೆ ಕ್ಷೇತ್ರದ ಹೆಸರೇ ಬದಲಾಗುತ್ತದೆ, ‘ಧನ’ ‘ದನ’ವಾಗುತ್ತದೆ. ಬ–ಭ, ಪ–ಫ, ಡ–ಢ ಜೋಡಿಗಳಿಗೂ ಇದೇ ಅಪಾಯ.

ಎರಡನೆಯದು ಊರಲ್ಲ, ಶಾಲೆಯಲ್ಲಿ ದಿನವೂ ಬರುವ ಪದ: ‘ಪಾಠ’. ರಕಾರದ ಹೊಟ್ಟೆಯಲ್ಲಿ ಒಂದು ಬಿಂದು ಇಟ್ಟರೆ ಠಕಾರ. ಒಳಗಿನ ಬಯಲು ಮುಚ್ಚಿ ಬಿಂದು ಕಾಣದಾದರೆ ‘ಪಾಠ’ ‘ಪಾರ’ವಾಗುತ್ತದೆ. ‘ಕಥೆ’ಯ ಥಕಾರದ ಬಿಂದು, ‘ಭಾಷೆ’ಯ ಷಕಾರದ ಒಳಗೆರೆ ಇವುಗಳನ್ನೂ ಹೀಗೆಯೇ ನೋಡಬೇಕು.

ಮೂರನೆಯದು ‘ಎಣ್ಮಕಜೆ’, ‘ಬದಿಯಡ್ಕ’, ‘ಮುಳ್ಳೇರಿಯ’, ‘ಮಂಜೇಶ್ವರ’. ಇವುಗಳಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಒತ್ತಕ್ಷರವನ್ನು ತೀರಾ ಸಣ್ಣದು ಮಾಡಿದರೆ ಮುದ್ದೆಯಾಗುತ್ತದೆ. ದೊಡ್ಡದು ಮಾಡಿದರೆ ಕೆಳಗಿನ ಸಾಲಿಗೆ ತಾಗುತ್ತದೆ. ನಾಲ್ಕನೆಯದು ‘ನೀರ್ಚಾಲು’, ‘ವರ್ಕಾಡಿ’, ‘ಪೆರ್ಲ’. ಅರ್ಕಾವೊತ್ತು ಅಕ್ಷರದ ಮಗ್ಗುಲಲ್ಲಿ ನಿಲ್ಲುವುದರಿಂದ ಪಕ್ಕದ ಅಕ್ಷರಕ್ಕೆ ಅಂಟಿಕೊಳ್ಳದಷ್ಟು ಎಡೆ ಬೇಕು. ಐದನೆಯದು ‘ಪೈವಳಿಕೆ’: ಐಕಾರದ ಚಿಹ್ನೆ ಮೇಲೂ ಕೆಳಗೂ ಹರಡಿಕೊಳ್ಳುತ್ತದೆ. ಕೊನೆಯದಾಗಿ ‘ಕುಂಬಳೆ’, ‘ಮೀಂಜ’: ಸೊನ್ನೆಯ ಒಳಗೆ ಬೆಳಕು ಉಳಿದಿರಬೇಕು, ಕರಿಯ ಚುಕ್ಕೆಯಾಗಬಾರದು.

ಈ ಹತ್ತು ಹನ್ನೆರಡು ಪದಗಳನ್ನು ಒಂದು ಕಾಗದದಲ್ಲಿ ಮುದ್ರಿಸಿ ಗೋಡೆಗೆ ಅಂಟಿಸಿ, ಹಿಂದೆ ಹಿಂದೆ ಸರಿಯುತ್ತಾ ನೋಡಿದರೆ ಫಾಂಟಿನ ಯೋಗ್ಯತೆ ತಾನಾಗಿಯೇ ತಿಳಿಯುತ್ತದೆ. ‘ಬಾಲೂ ತಮ್ಮ’ದಂತಹ, ಕನ್ನಡಕ್ಕಾಗಿಯೇ ಬಿಡಿಸಿದ ದಪ್ಪ ಅಕ್ಷರಕ್ಕೂ, ತೆಳು ಫಾಂಟನ್ನು ಕಂಪ್ಯೂಟರಿನಲ್ಲಿ ‘ಬೋಲ್ಡ್’ ಗುಂಡಿ ಒತ್ತಿ ಉಬ್ಬಿಸಿದ ಅಕ್ಷರಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಫಾಂಟಿನಲ್ಲಿ ದಪ್ಪ ರೂಪವೇ ಇಲ್ಲದಿದ್ದಾಗ ಆ ಗುಂಡಿ ಮಾಡುವುದು ಗೆರೆಗಳನ್ನು ಎಲ್ಲ ದಿಕ್ಕಿಗೂ ಊದಿಸುವುದನ್ನು ಮಾತ್ರ. ಬಿಂದು, ಸೀಳು, ಸೊನ್ನೆಗಳ ಬಯಲನ್ನು ಅದು ಕಾಯುವುದಿಲ್ಲ. ಬಲ್ಲ ವಿನ್ಯಾಸಕ ಪ್ರತಿ ಅಕ್ಷರವನ್ನು ಬೇರೆ ಬೇರೆಯಾಗಿ ಬಿಡಿಸಿ, ಇಕ್ಕಟ್ಟಾದ ಕಡೆ ಗೆರೆಯನ್ನು ತುಸು ತೆಳುವಾಗಿಸಿ ಬಯಲನ್ನು ಉಳಿಸುತ್ತಾನೆ.

ಎಲ್ಲೆಲ್ಲಿ ಒಪ್ಪುತ್ತದೆ?

ದಪ್ಪ ದುಂಡಕ್ಷರದ ಮೊದಲ ನೆಲೆ ಫಲಕ. ಶಾಲೆಯ ಹೆಸರು, ತರಗತಿಯ ಬಾಗಿಲಿನ ಬರಹ, ಗ್ರಂಥಾಲಯ, ಅಡುಗೆಮನೆ, ಕುಡಿಯುವ ನೀರು, ಶೌಚಾಲಯ ಇವೆಲ್ಲ ಒಂದೆರಡು ಪದಗಳ ಬರಹಗಳು. ಮಗು ಓಡುತ್ತಾ ಬರುವಾಗ ಒಂದೇ ನೋಟದಲ್ಲಿ ಹಿಡಿಯಬೇಕಾದವು. ಫಲಕ ಬರೆಯುವವರಲ್ಲಿ ರೂಢಿಯಲ್ಲಿರುವ ಒಂದು ಸ್ಥೂಲ ಲೆಕ್ಕವಿದೆ: ಪ್ರತಿ 3 ಮೀಟರ್ ದೂರಕ್ಕೆ ಅಕ್ಷರದ ಎತ್ತರ ಸುಮಾರು 2.5 ಸೆಂಟಿಮೀಟರ್. ರಸ್ತೆಯಿಂದ 15 ಮೀಟರ್ ಒಳಗಿರುವ ಶಾಲೆಯ ಹೆಸರು ಚೆನ್ನಾಗಿ ಕಾಣಬೇಕಾದರೆ ಅಕ್ಷರ 12.5 ಸೆಂಟಿಮೀಟರಿನಷ್ಟು ಎತ್ತರವಿರಬೇಕು. ಈ ಲೆಕ್ಕ ಇಂಗ್ಲಿಷಿನ ದೊಡ್ಡ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟದ್ದು. ಕನ್ನಡಕ್ಕೆ ಒತ್ತಕ್ಷರದ ಜಾಗವನ್ನು ಇದರ ಹೊರಗೆ, ಕೆಳಭಾಗದಲ್ಲಿ ಬೇರೆಯೇ ಬಿಡಬೇಕು.

ಎರಡನೆಯದು ಬಟ್ಟೆಯ ಬ್ಯಾನರು. ಪಿವಿಸಿ ಫ್ಲೆಕ್ಸಿಗೆ ಕೇರಳದಲ್ಲಿ ನಿರ್ಬಂಧ ಬಂದ ಮೇಲೆ ಹತ್ತಿಬಟ್ಟೆಯ ಬ್ಯಾನರುಗಳು ಮರಳಿವೆ. ಬಟ್ಟೆಯ ನೂಲು ಬಣ್ಣವನ್ನು ಹೀರಿ ಹರಡುತ್ತದೆ. ತೆಳು ಗೆರೆ ಅಲ್ಲಿ ಮಾಸುತ್ತದೆ, ಚೂಪು ತುದಿ ಒಡೆಯುತ್ತದೆ. ದಪ್ಪ ಗೆರೆ, ಮೆದು ಮೂಲೆ ಎರಡೂ ಬಟ್ಟೆಗೆ ಹೊಂದುತ್ತವೆ. ಆದರೆ ಬಣ್ಣ ಹರಡಿ ಒಳಬಯಲು ಮುಚ್ಚದಿರಲು ಎಕ್ಸ್‌ಟ್ರಾಬೋಲ್ಡ್ ಬದಲು ಬೋಲ್ಡ್ ಅಥವಾ ಸೆಮಿಬೋಲ್ಡ್ ಆರಿಸುವುದು ಸುರಕ್ಷಿತ.

ಮೂರನೆಯದು ಕತ್ತರಿಸಿ ಅಂಟಿಸುವ ಅಕ್ಷರಗಳು. ಕಲೋತ್ಸವದ ವೇದಿಕೆಗೆ ಥರ್ಮಾಕೋಲಿನಲ್ಲಿ, ರಟ್ಟಿನಲ್ಲಿ, ಪ್ಲೈವುಡ್ಡಿನಲ್ಲಿ ಅಕ್ಷರ ಕತ್ತರಿಸಿದವರಿಗೆ ಗೊತ್ತಿದೆ, ಮುರಿಯುವುದು ಯಾವಾಗಲೂ ಚೂಪಾದ ತುದಿಯೇ. ಅಂಟಿನ ಸ್ಟಿಕ್ಕರಿನಲ್ಲಿಯೂ ಮೊದಲು ಮೇಲೇಳುವುದು ಮೂಲೆ. ಸವೆದ ಮೂಲೆಯ ಅಕ್ಷರ ಹೆಚ್ಚು ಬಾಳುತ್ತದೆ.

ನಾಲ್ಕನೆಯದು ಕಿರಿಯರ ತರಗತಿಯ ಸಾಮಗ್ರಿಗಳು: ಅಕ್ಷರಪಟ್ಟಿ, ಪದಚೀಟಿ, ಚಿತ್ರಕಥೆಯ ಶೀರ್ಷಿಕೆ, ಹೆಸರಿನ ಬಿಲ್ಲೆ. ಐದನೆಯದು ಮೊಬೈಲಿನಲ್ಲಿ ಹರಿದಾಡುವ ಆಮಂತ್ರಣಗಳು ಮತ್ತು ಶಾಲೆಯ ವೀಡಿಯೊಗಳ ಶೀರ್ಷಿಕೆಗಳು. ಅಂಗೈಯಗಲದ ಪರದೆಯಲ್ಲಿ ನಾಲ್ಕು ಪದ ಎದ್ದು ಕಾಣಬೇಕಾದರೆ ಇಂತಹ ಅಕ್ಷರ ಬೇಕು.

ಬಣ್ಣದ ಬಗ್ಗೆ ಒಂದು ಮಾತು. ಕಪ್ಪು ಅಥವಾ ಕಡುಹಸಿರು ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರ ಇದ್ದುದಕ್ಕಿಂತ ದಪ್ಪವಾಗಿ ಕಾಣುತ್ತದೆ. ಬೆಳಕು ಕಣ್ಣಿನಲ್ಲಿ ತುಸು ಹರಡುವುದೇ ಇದಕ್ಕೆ ಕಾರಣ. ಅಂತಹ ಕಡೆ ಒಂದು ಹಂತ ತೆಳುವಾದ ತೂಕವನ್ನು ಬಳಸಿದರೆ ಸಾಕು. ಕೆಂಪಿನ ಮೇಲೆ ನೀಲಿ, ಹಳದಿಯ ಮೇಲೆ ಬಿಳಿ ಮುಂತಾದ ಜೋಡಣೆಗಳಲ್ಲಿ ಎಷ್ಟು ದಪ್ಪ ಅಕ್ಷರವೂ ಸೋಲುತ್ತದೆ.

ಎಲ್ಲಿ ಬೇಡ?

ದಪ್ಪ ಅಕ್ಷರ ಚೆನ್ನಾಗಿದೆ ಎಂದು ಎಲ್ಲ ಕಡೆಗೂ ಅದನ್ನೇ ಬಳಸಿದರೆ ಅದರ ಬಲವೇ ನಷ್ಟವಾಗುತ್ತದೆ. ಒಂದು ಪುಟ ತುಂಬ ದಪ್ಪ ಅಕ್ಷರವಿದ್ದರೆ ಯಾವುದೂ ಮುಖ್ಯವಲ್ಲವೆಂದು ಅರ್ಥ. ಪಾಠದ ಭಾಗ, ಸ್ಮರಣ ಸಂಚಿಕೆಯ ಲೇಖನ, ಪ್ರಶ್ನೆಪತ್ರಿಕೆ ಇವುಗಳಿಗೆ ದಪ್ಪ ದುಂಡಕ್ಷರ ಸರಿಯಲ್ಲ. ಶಾಲೆಗಳ ಪ್ರಶ್ನೆಪತ್ರಿಕೆ ಹೆಚ್ಚಾಗಿ ನೆರಳಚ್ಚು ಯಂತ್ರದ ಮೂಲಕ ಹಾದುಬರುತ್ತದೆ. ಸಣ್ಣ ಗಾತ್ರದ ದಪ್ಪ ಅಕ್ಷರದ ನೆರಳಚ್ಚಿನ ನೆರಳಚ್ಚು ತೆಗೆದರೆ ಠಕಾರದ ಬಿಂದುವೂ ಧಕಾರದ ಗೀಟೂ ಮಸಿಯಲ್ಲಿ ಮುಳುಗುತ್ತವೆ. ಪರೀಕ್ಷೆಯ ದಿನ ಮಗು ಪದವನ್ನು ಊಹಿಸಿ ಓದುವ ಸ್ಥಿತಿ ಬರಬಾರದು. ಅಲ್ಲಿಗೆ ‘ನೋಟೋ ಸಾನ್ಸ್ ಕನ್ನಡ’ದ ಸಾಮಾನ್ಯ ತೂಕವೋ, ಪುಸ್ತಕದ ಓದಿಗೆ ಹೊಂದುವ ‘ಟೀರೋ ಕನ್ನಡ’ವೋ ಉತ್ತಮ. ಇವೂ ಉಚಿತವೇ. ಶೀರ್ಷಿಕೆಗೆ ಬಾಲೂ, ಬರಹಕ್ಕೆ ನೋಟೋ ಅಥವಾ ಟೀರೋ ಎಂದು ಎರಡೇ ಫಾಂಟುಗಳಲ್ಲಿ ಇಡೀ ಸಂಚಿಕೆಯನ್ನು ಅಂದವಾಗಿ ಮುಗಿಸಬಹುದು.

ಅಕ್ಷರ ತಿದ್ದುವ ಅಭ್ಯಾಸ ಪುಸ್ತಕಕ್ಕೂ ದಪ್ಪ ಅಕ್ಷರ ಬೇಡ. ಗುರುತಿಸಲು ಕಲಿಯುವ ಮಗುವಿಗೆ ದಪ್ಪ ಅಕ್ಷರ ನೆರವಾಗುತ್ತದೆ. ಬರೆಯಲು ಕಲಿಯುವ ಮಗುವಿಗೆ ಪೆನ್ಸಿಲು ಎಲ್ಲಿಂದ ಹೊರಟು ಎಲ್ಲಿ ತಿರುಗಿತು ಎಂಬುದು ಕಾಣಬೇಕು. ಅದಕ್ಕೆ ಸಪೂರ ಗೆರೆಯ ಅಥವಾ ಚುಕ್ಕೆಗೆರೆಯ ಅಕ್ಷರವೇ ಸರಿ. ದುಂಡಗಿನ ಫಾಂಟು ಬಳಸಿದರೆ ಓದಿನ ತೊಡಕುಳ್ಳ ಮಕ್ಕಳ ಸಮಸ್ಯೆ ನೀಗುತ್ತದೆ ಎಂಬ ಭರವಸೆಯನ್ನೂ ಯಾರೂ ಕೊಡಬಾರದು. ಅಕ್ಷರದ ಗಾತ್ರ, ಅಕ್ಷರಗಳ ನಡುವಿನ ಎಡೆ, ಸಾಲುಗಳ ನಡುವಿನ ಅಂತರ ಇವು ಓದಿನ ಸುಲಭತೆಗೆ ತುದಿಯ ಆಕಾರಕ್ಕಿಂತ ಹೆಚ್ಚು ಮುಖ್ಯ.

ಗಾಂಭೀರ್ಯ ಬೇಕಾದ ಕಡೆಯೂ ಈ ಅಕ್ಷರ ಒಪ್ಪದು. ಪ್ರಮಾಣಪತ್ರ, ಅಧಿಕೃತ ಮನವಿ, ಶ್ರದ್ಧಾಂಜಲಿ ಇವುಗಳಲ್ಲಿ ಮಕ್ಕಳ ಕಥೆಯ ಕರಡಿ ಬಂದು ಕುಳಿತರೆ ಸಂದರ್ಭಕ್ಕೆ ಅಪಚಾರವಾಗುತ್ತದೆ.

ಎರಡು ಭಾಷೆ, ಒಂದು ಹಲಗೆ

ದ್ವಿಭಾಷಾ ಫಲಕಕ್ಕೆ ಬರೋಣ. ಕೇರಳದಲ್ಲಿ ದುಂಡಗಿನ ಮಲಯಾಳ ಫಾಂಟಾಗಿ ಹೆಸರಾದದ್ದು ‘ಮಂಜರಿ’. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಸಂಘಟನೆಯ ಸಂತೋಷ್ ತೋಟ್ಟಿಂಗಲ್ ಅವರು ರಚಿಸಿ 2016ರಲ್ಲಿ ಹೊರಬಂದ ಈ ಫಾಂಟಿನಲ್ಲಿ ಗೆರೆಗಳ ತುದಿ ಪೂರ್ತಿ ದುಂಡು. ತೆಳು, ಸಾಮಾನ್ಯ, ದಪ್ಪ ಎಂಬ ಮೂರು ತೂಕಗಳಿವೆ. ಇದೂ ಮುಕ್ತ ಫಾಂಟು. ನೆರೆಭಾಷೆಯವರು ತಮ್ಮ ಲಿಪಿಗಾಗಿ ತಾವೇ ಕುಳಿತು ದುಡಿದ ಈ ಮಾದರಿ ನಮಗೆ ಅಸೂಯೆಯನ್ನಲ್ಲ, ಪಾಠವನ್ನು ಕಲಿಸಬೇಕು.

ಫಲಕದಲ್ಲಿ ಮಲಯಾಳ ‘ಮಂಜರಿ’ಯ ದಪ್ಪ ತೂಕದಲ್ಲಿದ್ದರೆ ಕನ್ನಡವನ್ನು ‘ಬಾಲೂ ತಮ್ಮ 2’ರ ಬೋಲ್ಡಿನಲ್ಲಿ ಹಾಕಿ ಹೋಲಿಸಿ ನೋಡಬಹುದು; ಆದರೆ ತುದಿಗಳ ಆಕಾರ ತುಸು ಬೇರೆಯಾಗಿರುತ್ತದೆ. ಪೂರ್ತಿ ಹೊಂದಾಣಿಕೆ ಬೇಕಾದರೆ ‘ಚೇಟ್ಟನ್ 2’ ಮತ್ತು ‘ತಮ್ಮ 2’ ಜೊತೆಯೇ ಸರಿ. ಹೀಗೆ ಮಾಡುವಾಗ ಮೂರು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು, ಎರಡಕ್ಕೂ ಒಂದೇ ತೂಕ. ಒಂದಕ್ಕೆ ಎಕ್ಸ್‌ಟ್ರಾಬೋಲ್ಡ್ ಕೊಟ್ಟು ಇನ್ನೊಂದಕ್ಕೆ ರೆಗ್ಯುಲರ್ ಕೊಟ್ಟರೆ ಜೋಡಿಯ ಉದ್ದೇಶವೇ ಕೆಡುತ್ತದೆ. ಎರಡನೆಯದು, ಗಾತ್ರದ ಅಂಕೆಯನ್ನು ನಂಬದೆ ಕಣ್ಣನ್ನು ನಂಬುವುದು. ಕನ್ನಡದ ಅಕ್ಷರಕ್ಕೆ ತಲೆಕಟ್ಟು ಇದೆ, ಮಲಯಾಳಕ್ಕೆ ಇಲ್ಲ. ಒಂದೇ ಅಂಕೆಯ ಗಾತ್ರದಲ್ಲಿಟ್ಟರೂ ತಲೆಕಟ್ಟು ಎತ್ತರದ ಒಂದು ಪಾಲನ್ನು ತೆಗೆದುಕೊಳ್ಳುವುದರಿಂದ ಕನ್ನಡದ ಮೈ ಚಿಕ್ಕದಾಗಿ ಕಾಣಬಹುದು. ಎರಡೂ ಭಾಷೆಗಳ ರಕಾರವನ್ನು ಅಕ್ಕಪಕ್ಕ ಇಟ್ಟು, ಮೈ ಸಮನಾಗಿ ಕಾಣುವವರೆಗೆ ಗಾತ್ರವನ್ನು ಹೊಂದಿಸಬೇಕು. ಮೂರನೆಯದು, ಸಾಲಿನ ಅಂತರ. ಕನ್ನಡದ ಸಾಲಿನ ಕೆಳಗೆ ಒತ್ತಕ್ಷರಕ್ಕೆ ಜಾಗ ಬಿಡದೆ ಮುಂದಿನ ಸಾಲನ್ನು ತುರುಕಿದರೆ ‘ಎಣ್ಮಕಜೆ’ಯ ಒತ್ತಕ್ಷರ ಕೆಳಗಿನ ಅಕ್ಷರದ ತಲೆಯ ಮೇಲೆ ಕೂರುತ್ತದೆ.

ಒತ್ತಕ್ಷರ ಕಳಚುವುದು ಏಕೆ?

ಎಷ್ಟು ಒಳ್ಳೆಯ ಫಾಂಟು ಕೊಟ್ಟರೂ ಬ್ಯಾನರಿನಲ್ಲಿ ‘ಬದಿಯಡ್ಕ’ ಎಂಬುದು ‘ಬದಿಯಡ್‌ಕ’ ಎಂದು ಒಡೆದು ಬರುವುದುಂಟು. ಇದು ಫಾಂಟಿನ ದೋಷವಲ್ಲ. ವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಜೋಡಣೆಯ ವ್ಯವಸ್ಥೆ ಚಾಲನೆಯಲ್ಲಿಲ್ಲದಿರುವುದೇ ಇದರ ಕಾರಣ. ಫೋಟೋಶಾಪ್, ಇನ್‌ಡಿಸೈನ್ ಮುಂತಾದ ತಂತ್ರಾಂಶಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಹೊಂದುವ ‘ವರ್ಲ್ಡ್ ರೆಡಿ’ ಜೋಡಣೆಯನ್ನು ಆರಿಸಿದರೆ ಒತ್ತಕ್ಷರ ತನ್ನ ಸ್ಥಾನಕ್ಕೆ ಬರುತ್ತದೆ. ಲಿಬ್ರೆ ಆಫೀಸ್, ವರ್ಡ್ ಮತ್ತು ಇಂದಿನ ಬ್ರೌಸರುಗಳಲ್ಲಿ ಈ ತೊಂದರೆ ಸಾಮಾನ್ಯವಾಗಿ ಇರುವುದಿಲ್ಲ.

ಇನ್ನೊಂದು ತೊಡಕು ಹಳೆಯ ಕಡತಗಳದು. ನುಡಿ, ಬರಹ ತಂತ್ರಾಂಶಗಳ ಹಳೆಯ ಸಂಕೇತ ಪದ್ಧತಿಯಲ್ಲಿ ಬೆರಳಚ್ಚು ಮಾಡಿದ ಬರಹಕ್ಕೆ ನೇರವಾಗಿ ‘ಬಾಲೂ ತಮ್ಮ’ವನ್ನು ತೊಡಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಮೊದಲು ಅದನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಮುದ್ರಣಾಲಯಕ್ಕೆ ಕಳುಹಿಸುವಾಗ ಫಾಂಟನ್ನು ಒಳಗೇ ಸೇರಿಸಿದ ಪಿಡಿಎಫ್ ರೂಪದಲ್ಲಿ ಕೊಟ್ಟರೆ ಅಲ್ಲಿನ ಕಂಪ್ಯೂಟರಿನಲ್ಲಿ ಕನ್ನಡ ಫಾಂಟು ಇಲ್ಲದಿದ್ದರೂ ಅಕ್ಷರ ಕೆಡುವುದಿಲ್ಲ. ಅಚ್ಚಿಗೆ ಹೋಗುವ ಮುನ್ನ ಕನ್ನಡ ಬಲ್ಲ ಒಬ್ಬರು ಕರಡನ್ನು ಓದಿಯೇ ಓದಬೇಕು. ಫಾಂಟು ಕಾಗುಣಿತವನ್ನು ತಿದ್ದುವುದಿಲ್ಲ; ದಪ್ಪ ಅಕ್ಷರದ ತಪ್ಪು ಇನ್ನೂ ದೂರದಿಂದ ಕಾಣುತ್ತದೆ.

ನಾವು ಮಾಡಬಹುದಾದದ್ದು

1956ರ ನವೆಂಬರ್ 1ರಿಂದ ಕೇರಳದ ಭಾಗವಾಗಿರುವ ಈ ನೆಲದಲ್ಲಿ ಕನ್ನಡದ ಹಕ್ಕುಗಳ ಪ್ರಶ್ನೆ ಕಾನೂನಿನದ್ದು, ಆಡಳಿತದ್ದು. ಕನ್ನಡ ಬಲ್ಲ ಅಧ್ಯಾಪಕರು, ಕನ್ನಡದ ಪಠ್ಯಪುಸ್ತಕ, ಕನ್ನಡದ ಅರ್ಜಿ ನಮೂನೆ ಇವುಗಳಿಗಾಗಿ ಮನವಿ, ಹೋರಾಟ ನಡೆಯಲೇಬೇಕು. ಅದರ ಮುಂದೆ ಅಕ್ಷರದ ದಪ್ಪದ ವಿಚಾರ ಸಣ್ಣದೆಂದು ತೋರಬಹುದು. ಸಣ್ಣದು ಹೌದು. ಆದರೆ ಯಾರ ಅಪ್ಪಣೆಗೂ ಕಾಯದೆ ನಾವೇ ಸರಿಪಡಿಸಬಹುದಾದ ವಿಚಾರಗಳಲ್ಲಿ ಇದೊಂದು. ಕನ್ನಡ ಇರುವುದು ಬೇರೆ, ಓದುವಂತೆ ಇರುವುದು ಬೇರೆ. ಮೊದಲನೆಯದನ್ನು ಕೇಳಿ ಪಡೆಯಬೇಕು. ಎರಡನೆಯದಕ್ಕೆ ಒಂದು ಸಂಜೆಯ ಕೆಲಸ ಸಾಕು.

ರಕ್ಷಕ ಶಿಕ್ಷಕ ಸಂಘದ ಒಬ್ಬ ಸದಸ್ಯರು ಈ ಫಾಂಟುಗಳನ್ನು ಇಳಿಸಿ ಒಂದು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಲಿ. ಊರಿನ ಮುದ್ರಣಾಲಯಕ್ಕೂ ಬ್ಯಾನರು ಮಾಡುವವರಿಗೂ ಅದರ ಪ್ರತಿ ಕೊಡಲಿ. ಶಾಲೆಯ ಹೆಸರನ್ನು ಸರಿಯಾದ ಕಾಗುಣಿತದಲ್ಲಿ, ಸರಿಯಾದ ಫಾಂಟಿನಲ್ಲಿ ಒಮ್ಮೆ ಸಿದ್ಧಪಡಿಸಿ ಶಾಲೆಯ ಕಂಪ್ಯೂಟರಿನಲ್ಲಿ ಉಳಿಸಿದರೆ ಪ್ರತಿ ವರ್ಷ ಹೊಸದಾಗಿ ಬೆರಳಚ್ಚು ಮಾಡಿ ಹೊಸ ತಪ್ಪು ಹುಟ್ಟಿಸುವ ಪ್ರಮೇಯವಿಲ್ಲ. ದೊಡ್ಡ ತರಗತಿಯ ಮಕ್ಕಳಿಗೆ ಊರ ಹೆಸರುಗಳ ಪರೀಕ್ಷೆಯನ್ನೇ ಒಂದು ಚಟುವಟಿಕೆಯಾಗಿ ಕೊಡಬಹುದು. ಯಾವ ಫಾಂಟಿನಲ್ಲಿ ‘ಮಧೂರು’ ಮಧೂರಾಗಿಯೇ ಉಳಿಯುತ್ತದೆ ಎಂದು ಅವರೇ ಹುಡುಕಲಿ. ತಮ್ಮ ಲಿಪಿಯ ಸೂಕ್ಷ್ಮವನ್ನು ತಾವೇ ಕಂಡುಕೊಳ್ಳುತ್ತಾರೆ.

ಮುಂದಿನ ಜೂನಿನಲ್ಲಿ ಗೇಟಿನ ಮೇಲೆ ಎರಡು ಸಾಲುಗಳಿರಲಿ, ಎರಡೂ ಒಂದೇ ದಪ್ಪದಲ್ಲಿ ಇರಲಿ. ಒಳಗೆ ಬರುವ ಮಗು ತನ್ನ ಸಾಲನ್ನು ಹುಡುಕಬೇಕಾಗಿ ಬಾರದಿರಲಿ.